ಮುಂದಿನ ವಾರ ಅಪ್ಪ-ಅಮ್ಮ ರಜೆಗೆ ಬರ್ತಿದ್ದಾರೆ: ಮನೆಯ ಯಾವ ರಿಪೇರಿ ಮೊದಲು ಮಾಡಲಿ?

ಕಿಟಕಿ ಪಕ್ಕದ ಕುರ್ಚಿ
ಗುರುವಾರ, ರಾತ್ರಿ 9:50

ಎಲ್ಲರಿಗೂ ನಮಸ್ಕಾರ. ಮುಂದಿನ ವಾರ ಶನಿವಾರದಿಂದ ರಜೆ. ಅಪ್ಪ-ಅಮ್ಮ ಬಂದು ಎಂಟು ದಿನ ನಮ್ಮ ಜೊತೆ ಇರ್ತಾರೆ. ಅವರು ನಮ್ಮನೆಗೆ ಬಂದು ಎರಡು ವರ್ಷದ ಮೇಲಾಯ್ತು. ನಿನ್ನೆ ನೋಟ್‌ಬುಕ್ ಹಿಡ್ಕೊಂಡು ಮನೆಯೆಲ್ಲ ಒಂದು ಸುತ್ತು ಬಂದೆ. ದಿನಾ ನೋಡಿ ನೋಡಿ ಕಣ್ಣಿಗೆ ಬೀಳದೇ ಹೋಗಿದ್ದೆಲ್ಲ ಒಟ್ಟಿಗೇ ಕಾಣಿಸ್ತು.

ಅಡುಗೆಮನೆ ನಲ್ಲಿ ತೊಟ್ಟಿಕ್ಕುತ್ತೆ. ಟಾಯ್ಲೆಟ್ಟಿನ ಫ್ಲಶ್ ಟ್ಯಾಂಕಲ್ಲಿ ರಾತ್ರಿಯೆಲ್ಲ ಸಣ್ಣಗೆ ನೀರು ಹರಿಯೋ ಸದ್ದು. ಅವರು ಮಲಗೋ ರೂಮಿನ ಬಾಗಿಲು ಚೌಕಟ್ಟಿಗೆ ಉಜ್ಜುತ್ತೆ, ಭುಜ ಕೊಟ್ಟು ತಳ್ಳಿದ್ರೆ ಮಾತ್ರ ಹಾಕೋಕಾಗೋದು. ಅದೇ ರೂಮಿನ ಹೊರಗೋಡೆ ಕಡೆ ಬಣ್ಣ ಉಬ್ಬಿ ಉದುರ್ತಾ ಇದೆ. ಬಚ್ಚಲಲ್ಲಿ ಗೋಡೆ-ನೆಲ ಸೇರೋ ಕಡೆ ಹಾಕಿದ್ದ ಸಿಲಿಕೋನ್ ಕಪ್ಪಾಗಿದೆ. ಹಿಡ್ಕೊಂಡು ಏಳೋಕೆ ಅಲ್ಲಿ ಒಂದು ಕಂಬಿಯೂ ಇಲ್ಲ. ಹಾಲಿನ ಒಂದು ಪ್ಲಗ್ ಪಾಯಿಂಟ್ ಸಡಿಲ. ನಮ್ಮವರದ್ದು ಪಾಳಿ ಕೆಲಸ, ನನಗೆ ಸಿಗೋದು ಸಂಜೆ ಹೊತ್ತು ಮತ್ತೆ ಒಂದು ಭಾನುವಾರ. ಎಲ್ಲ ಆಗೋ ಮಾತಲ್ಲ. ಹಾಲಿಗೂ ಆ ರೂಮಿಗೂ ಬಣ್ಣ ಹೊಡೆದ್ರೆ ಮನೆ ಕಳೆ ಬರುತ್ತೆ, ಅದನ್ನೇ ಮೊದಲು ಹಿಡಿಯೋಣ ಅಂತ ನನ್ನ ಮನಸ್ಸು.

ಇನ್ನೊಂದು ವಿಷಯ ಕೇಳ್ಬೇಕು. ನಾನು ಚಿಕ್ಕವಳಿದ್ದಾಗ ನಮ್ಮನೆಗೆ ರಿಪೇರಿಗೆ ಅಂತ ಹೊರಗಿನವರು ಬಂದಿದ್ದು ನೆನಪಿಲ್ಲ. ಎಲ್ಲ ಅಪ್ಪನೇ. ಈಗ ಅವರಿಗೆ 73. ಬೆರಳ ಗೆಣ್ಣುಗಳು ಬಿಗಿದುಕೊಂಡಿವೆ, ಶರ್ಟಿನ ಗುಂಡಿ ಹಾಕ್ಕೊಳ್ಳೋಕೂ ಹೊತ್ತು ಹಿಡಿಯುತ್ತೆ. ಆದರೂ ಬಂದು ಅರ್ಧ ಗಂಟೆ ಆಗೋದ್ರಲ್ಲಿ "ಸ್ಕ್ರೂ ಡ್ರೈವರ್ ಎಲ್ಲಿಟ್ಟಿದೀಯಮ್ಮ" ಅಂತ ಕೇಳೇ ಕೇಳ್ತಾರೆ. ಅವರು ಬರೋದ್ರೊಳಗೆ ಎಲ್ಲ ಮುಗಿಸಿ, ಅವರು ಕೂತು ಆರಾಮಾಗಿರೋ ಹಾಗೆ ಮಾಡೋಣ ಅಂತ ನಮ್ಮವರ ಅಭಿಪ್ರಾಯ. ನನಗೂ ಹಾಗೇ ಅನಿಸುತ್ತೆ. ನೀವೆಲ್ಲ ಏನಂತೀರಿ?

ಹಳೇ ಪಾನಾ
ಗುರುವಾರ, ರಾತ್ರಿ 10:35

ಮೇಡಂ, ಮೊದಲು ನೀರಿನ ಕೆಲಸ. ಯಾಕಂದ್ರೆ ರಜೆಯಲ್ಲಿ ಅಂಗಡಿ ಮುಚ್ಚಿರುತ್ತೆ, ಕೆಲಸದವರು ಸಿಗಲ್ಲ. ಬಿಚ್ಚಿದ್ದನ್ನ ವಾಪಸ್ ಕೂರಿಸೋಕೆ ಆಗದೇ ಹೋದ್ರೆ ಮನೆ ತುಂಬ ಜನ ಇರುವಾಗ ಅಡುಗೆಮನೆಗೆ ನೀರಿಲ್ಲ. ನಮ್ಮನೇಲಿ ಒಂದು ಕಟ್ಟುನಿಟ್ಟು ಇದೆ: ಅಂಗಡಿ ಮುಚ್ಚೋಕೆ ಎರಡು ದಿನ ಮುಂಚೆ ನೀರು, ಕರೆಂಟಿನ ಯಾವ ಕೆಲಸಕ್ಕೂ ಕೈ ಹಾಕೋ ಹಾಗಿಲ್ಲ.

ನಲ್ಲಿ ಬಿಚ್ಚೋಕೆ ಮುಂಚೆ ಮನೆಯ ಮೇನ್ ವಾಲ್ವ್ ತಿರುಗುತ್ತಾ ನೋಡಿ. ವರ್ಷಗಟ್ಟಲೆ ಮುಟ್ಟದ ಗೇಟ್ ವಾಲ್ವ್ ಕಚ್ಕೊಂಡಿರುತ್ತೆ. ಒಂದೇ ಸಲಕ್ಕೆ ಜೋರಾಗಿ ತಿರುಗಿಸಿದ್ರೆ ಒಳಗಿನ ದಂಡ ಮುರಿಯೋದುಂಟು. ಸ್ವಲ್ಪ ಮುಂದಕ್ಕೆ, ಸ್ವಲ್ಪ ಹಿಂದಕ್ಕೆ ಆಡಿಸ್ತಾ ಸಡಿಲ ಮಾಡಿ. ಬಗ್ಗದಿದ್ರೆ ಪ್ಲಂಬರ್ ಬರೋವರೆಗೆ ನಲ್ಲಿ ಮುಟ್ಟಬೇಡಿ. ತಿರುಗಿದ್ರೆ ಮನೆಯವರನ್ನೆಲ್ಲ ಕರೆದು ತೋರಿಸಿ. ಒಂದು ಮಧ್ಯಾಹ್ನ ಪೈಪು ಬಿಟ್ಕೊಂಡಾಗ ನಾನು ಊರಲ್ಲಿರಲಿಲ್ಲ, ವಾಲ್ವ್ ಎಲ್ಲಿದೆ ಅಂತ ಮನೇಲಿ ಯಾರಿಗೂ ಗೊತ್ತಿರಲಿಲ್ಲ. ಹಾಸಿಗೆ ಎಲ್ಲ ನೆನೆದುಹೋಯ್ತು.

ನಿಮ್ಮ ನಲ್ಲಿ ಯಾವ ಥರದ್ದು? ಮೂರು ನಾಲ್ಕು ಸುತ್ತು ತಿರುಗಿಸೋದಾದ್ರೆ ಒಳಗೆ ರಬ್ಬರ್ ವಾಷರ್ ಇರುತ್ತೆ. ಕಾಲು ಸುತ್ತಿಗೇ ಪೂರ್ತಿ ಬಿಡೋದಾದ್ರೆ ಸೆರಾಮಿಕ್ ಬಿಲ್ಲೆಯ ಕಾರ್ಟ್ರಿಡ್ಜ್, ಅದನ್ನ ಇಡಿಯಾಗಿ ಬದಲಾಯಿಸ್ಬೇಕು. ಎರಡರಲ್ಲಿ ಯಾವುದಾದ್ರೂ ಹಳೇದನ್ನ ಕೈಯಲ್ಲಿ ಹಿಡ್ಕೊಂಡೇ ಅಂಗಡಿಗೆ ಹೋಗಿ, ಬಾಯಲ್ಲಿ ಅಳತೆ ಹೇಳಿದ್ರೆ ಸರಿಯಾದ್ದು ಸಿಗೋದು ಕಷ್ಟ. ಬಿಚ್ಚೋ ಮುಂಚೆ ಸಿಂಕಿನ ತೂತಿಗೆ ಬಟ್ಟೆ ತುರುಕಿ, ತಿರುಪು ಕೆಳಗೆ ಹೋದ್ರೆ ಮತ್ತೆ ಸಿಗಲ್ಲ. ಒಂದೊಂದು ಭಾಗ ತೆಗೆದಾಗಲೂ ಒಂದು ಫೋಟೊ ತೆಗೀರಿ.

ಫ್ಲಶ್ ಟ್ಯಾಂಕಿಗೆ ಒಂದು ಪರೀಕ್ಷೆ. ಮಕ್ಕಳ ಬಣ್ಣದ ಡಬ್ಬಿಯಿಂದ ನೀಲಿ ಬಣ್ಣ ನೀರಲ್ಲಿ ಕಲಸಿ ಟ್ಯಾಂಕಿಗೆ ಸುರಿದು ಅರ್ಧ ಗಂಟೆ ಫ್ಲಶ್ ಮಾಡ್ದೇ ಬಿಡಿ. ಕೆಳಗಿನ ಬೇಸನ್ನಿನಲ್ಲಿ ನೀಲಿ ಕಂಡ್ರೆ ತಳದ ರಬ್ಬರ್ ಮುಚ್ಚಳ ಸರಿಯಾಗಿ ಕೂರ್ತಿಲ್ಲ ಅಂತ. ಬಣ್ಣ ಕಾಣದೇ ಸದ್ದು ಮಾತ್ರ ಇದ್ರೆ, ತುಂಬೋ ಕಡೆಯ ವಾಲ್ವ್ ಅಥವಾ ತೇಲೋ ಚೆಂಡು ನೋಡಿ.

ಬಾಡಿಗೆ ಮನೆ
ಶುಕ್ರವಾರ, ಬೆಳಿಗ್ಗೆ 7:15

ಬಣ್ಣ ಹೊಡೆಯೋಕೆ ನನ್ನ ಒಂದು ಓಟು. ಎರಡು ವರ್ಷ ಆದ್ಮೇಲೆ ಬರ್ತಿದ್ದಾರೆ, ಬಾಗಿಲು ತೆಗೆದ ತಕ್ಷಣ ಮನೆ ಚೆನ್ನಾಗಿ ಕಂಡ್ರೆ ಅವರಿಗೂ ಖುಷಿ, ನಿಮಗೂ ಖುಷಿ.

ಸುಣ್ಣದ ಕೈ
ಶುಕ್ರವಾರ, ಬೆಳಿಗ್ಗೆ 8:40

ಆಸೆ ಸರಿಯಾದದ್ದೇ, ಸಮಯ ಸರಿ ಇಲ್ಲ. ಹದಿನೆಂಟು ವರ್ಷದಿಂದ ಪೇಂಟಿಂಗ್ ಕೆಲಸದಲ್ಲಿ ಇರೋನು ಹೇಳ್ತಿದೀನಿ, ಕೇಳಿ.

ಉಬ್ಬಿರೋದು ಹೊರಗೋಡೆ ಕಡೆ ಅಂದ್ರಿ. ಅಲ್ಲಿ ತೇವ ಇದೆ. ನೀರು ಎಲ್ಲಿಂದ ಬರ್ತಿದೆ ಅಂತ ಕಂಡುಹಿಡಿಯದೇ ಅದರ ಮೇಲೆ ಎಷ್ಟು ಕೋಟು ಹೊಡೆದರೂ ಮತ್ತೆ ಎದ್ದು ಬರುತ್ತೆ. ಹೊರಗೆ ಗೋಡೆಯಲ್ಲಿ ಬಿರುಕಿದೆಯಾ, ಕಿಟಕಿ ಸಜ್ಜಾದ ಮೇಲೆ ನೀರು ನಿಲ್ಲುತ್ತಾ, ಗೋಡೆಯ ಆ ಕಡೆ ಬಚ್ಚಲಿನ ಪೈಪೇನಾದ್ರೂ ಹೋಗಿದೆಯಾ, ಇದೆಲ್ಲ ನೋಡ್ಬೇಕು. ಸೋರಿಕೆ ನಿಂತ ಮೇಲೂ ಗೋಡೆ ಒಣಗೋಕೆ ವಾರಗಳೇ ಬೇಕು. ಹತ್ತು ದಿನದಲ್ಲಿ ಆಗೋ ಕೆಲಸ ಅಲ್ಲವೇ ಅಲ್ಲ.

ಇನ್ನೊಂದು. ಬಣ್ಣ ಕೈಗೆ ಅಂಟದ ಹಾಗೆ ಒಂದೆರಡು ಗಂಟೇಲಿ ಒಣಗುತ್ತೆ ನಿಜ, ಆದ್ರೆ ಪೂರ್ತಿ ಗಟ್ಟಿಯಾಗೋಕೆ ಎಷ್ಟೋ ದಿನ ಹಿಡಿಯುತ್ತೆ. ವಯಸ್ಸಾದವರು ಮಲಗೋ ರೂಮಲ್ಲಿ ಹೊಸ ಬಣ್ಣದ ವಾಸನೆ ಬೇಡ. ಮನೆ ತುಂಬ ಹಳೇದಾಗಿದ್ರೆ ಆ ಗೋಡೆಯನ್ನ ಒಣಗಿದ ಹಾಗೇ ಉಜ್ಜಲೇಬೇಡಿ. ಹಳೇ ಬಣ್ಣಗಳಲ್ಲಿ ಸೀಸ ಇರೋದುಂಟು, ಆ ಧೂಳು ಮಕ್ಕಳ ಮೆದುಳಿಗೆ ಕೆಟ್ಟದ್ದು. ಈಗ ಉದುರ್ತಿರೋ ಚೂರುಗಳನ್ನ ಒದ್ದೆ ಬಟ್ಟೇಲಿ ಒರೆಸಿ ತೆಗೆದು, ಮಂಚವನ್ನ ಗೋಡೆಯಿಂದ ಒಂದು ಗೇಣು ಈಚೆ ಎಳೆದು ಗಾಳಿ ಆಡೋಕೆ ಬಿಡಿ. ಅಷ್ಟು ಸಾಕು. ಬಣ್ಣದ ಮಾತು ರಜೆ ಕಳೆದ ಮೇಲೆ.

ರಾತ್ರಿ ಪಾಳಿ
ಶುಕ್ರವಾರ, ಬೆಳಿಗ್ಗೆ 9:30

ನಾನು ನರ್ಸ್. ಮೂಳೆ ವಾರ್ಡಿನಲ್ಲಿ ಇಷ್ಟು ವರ್ಷ ಕೆಲಸ ಮಾಡಿದವಳಿಗೆ ನಿಮ್ಮ ಪಟ್ಟಿಯಲ್ಲಿ ಕಣ್ಣಿಗೆ ಬಿದ್ದಿದ್ದು ಒಂದೇ ಸಾಲು: ಬಚ್ಚಲಲ್ಲಿ ಹಿಡ್ಕೊಂಡು ಏಳೋಕೆ ಏನೂ ಇಲ್ಲ ಅನ್ನೋದು. ದಯವಿಟ್ಟು ಅದನ್ನ ಮೊದಲು ಮಾಡ್ಸಿ. ಪರಿಚಯ ಇಲ್ಲದ ಮನೆ, ರಾತ್ರಿ ಎದ್ದು ಬಚ್ಚಲಿಗೆ ಹೋಗೋ ಹೊತ್ತು, ಒದ್ದೆ ನೆಲ. ಬಿದ್ದು ಬರೋ ಎಷ್ಟೋ ಜನ ಹಿರಿಯರು ಹೇಳೋದು ಇದನ್ನೇ.

ಟವೆಲ್ ಹಾಕೋ ರಾಡ್ ಕಂಬಿ ಅಲ್ಲ, ಅದು ಮನುಷ್ಯರ ಭಾರ ತಡೆಯಲ್ಲ. ಗಾಳಿ ಒತ್ತಿ ಟೈಲಿಗೆ ಅಂಟಿಸೋ ರಬ್ಬರ್ ಹಿಡಿಕೆಯನ್ನೂ ನಂಬಬೇಡಿ, ಯಾವಾಗ ಬಿಡುತ್ತೋ ಹೇಳೋಕಾಗಲ್ಲ. ಗೋಡೆಯ ಇಟ್ಟಿಗೆ ಅಥವಾ ಕಾಂಕ್ರೀಟಿನೊಳಕ್ಕೆ ಹೋಗೋ ಆಂಕರ್ ಬೋಲ್ಟ್ ಹಾಕಿ ಕೂರಿಸಿದ ಕಂಬಿಯೇ ಬೇಕು. ಎತ್ತರ ಸಾಮಾನ್ಯವಾಗಿ ನೆಲದಿಂದ 33ರಿಂದ 36 ಇಂಚು ಅಂತಾರೆ. ನಿಮ್ಮಮ್ಮನ ಎತ್ತರದವರನ್ನ ಕಮೋಡಿನ ಮೇಲೆ ಕೂರಿಸಿ ಏಳಿಸಿ ನೋಡಿ, ಕೈ ತಾನಾಗೇ ಎಲ್ಲಿಗೆ ಹೋಗುತ್ತೋ ಅಲ್ಲಿ ಪೆನ್ಸಿಲಿನಲ್ಲಿ ಗುರುತು ಹಾಕಿ.

ಮಂಚದಿಂದ ಬಚ್ಚಲವರೆಗೆ ಒಂದು ಸಣ್ಣ ರಾತ್ರಿ ದೀಪ ಇರಲಿ. ದಾರಿಯಲ್ಲಿ ಜಾರೋ ಮ್ಯಾಟ್ ಇದ್ರೆ ಎತ್ತಿಡಿ.

ಬರೆದು ಮುಗಿಸಿದ ಮೇಲೆ ನೆನಪಾಯ್ತು, ಇದು ತುಂಬ ಮುಖ್ಯ. ರಜೆ ಮುಂಚಿನ ಕ್ಲೀನಿಂಗಲ್ಲಿ ಬ್ಲೀಚನ್ನೂ ಆಸಿಡ್ ಇರೋ ಟಾಯ್ಲೆಟ್ ಕ್ಲೀನರನ್ನೂ ಒಟ್ಟಿಗೆ ಸುರೀಬೇಡಿ. ಕ್ಲೋರಿನ್ ಗಾಳಿ ಏಳುತ್ತೆ. ಬಾಗಿಲು ಹಾಕಿದ ಸಣ್ಣ ಬಚ್ಚಲಲ್ಲಿ ಅದು ಪ್ರಾಣಕ್ಕೇ ಕುತ್ತು. ಅಮೋನಿಯಾ ಇರೋ ಗ್ಲಾಸ್ ಕ್ಲೀನರ್ ಜೊತೆಗೂ ಬ್ಲೀಚ್ ಬೇಡ.

ತಂತಿ ಕೆಲಸ
ಶುಕ್ರವಾರ, ಮಧ್ಯಾಹ್ನ 1:20

ಸಡಿಲ ಪ್ಲಗ್ ಪಾಯಿಂಟನ್ನ ಇವತ್ತಿಂದಲೇ ಬಳಸಬೇಡಿ, ಟೇಪ್ ಅಂಟಿಸಿ ಮುಚ್ಚಿಡಿ. ಒಳಗೆ ತಂತಿ ಸಡಿಲ ಆದ್ರೆ ಅಲ್ಲಿ ಕಿಡಿ ಹಾರಿ ಬಿಸಿಯಾಗುತ್ತೆ. ತಟ್ಟೆ ಕಂದು ಬಣ್ಣಕ್ಕೆ ತಿರುಗಿದ್ರೆ, ಮೂಗಿಗೆ ಸುಟ್ಟ ಪ್ಲಾಸ್ಟಿಕ್ ವಾಸನೆ ಹೊಡೆದ್ರೆ ಬೋರ್ಡಿನಲ್ಲಿ ಆ ಸಾಲಿನ ಕರೆಂಟು ಕಟ್ ಮಾಡೋ ಸ್ವಿಚ್ (ಎಂಸಿಬಿ) ಇಳಿಸಿ ಎಲೆಕ್ಟ್ರಿಷಿಯನ್ ಕರೀರಿ. ಇದು ವಿಡಿಯೊ ನೋಡಿ ಕಲಿಯೋ ಕೆಲಸ ಅಲ್ಲ.

ನೀವೇ ಮಾಡಬಹುದಾದ್ದು ಒಂದಿದೆ. ಮೀಟರ್ ಹತ್ತಿರದ ಬೋರ್ಡಿನಲ್ಲಿ 'ಟಿ' ಅಂತ ಬರೆದಿರೋ ಸಣ್ಣ ಗುಂಡಿ ಇರೋ ಸ್ವಿಚ್ ಇದೆಯಾ? ಅದು ಆರ್‌ಸಿಸಿಬಿ. ಮನೆಗಳಲ್ಲಿ ಹಾಕೋದು ಸಾಮಾನ್ಯವಾಗಿ 30 ಮಿಲಿಆಂಪಿಯರಿನದ್ದು. ಅಷ್ಟು ಕರೆಂಟು ದಾರಿ ತಪ್ಪಿ ನೆಲಕ್ಕೆ ಅಥವಾ ಮನುಷ್ಯನ ಮೈ ಮೂಲಕ ಹರಿದ್ರೆ ಕಣ್ಣು ಮಿಟುಕಿಸೋದ್ರೊಳಗೆ ಕಟ್ ಮಾಡುತ್ತೆ. ಕಂಪ್ಯೂಟರ್ ಆಫ್ ಮಾಡಿ ಆ ಗುಂಡಿ ಒತ್ತಿ. ಟಪ್ ಅಂತ ಬೀಳಬೇಕು. ಬೀಳಲಿಲ್ಲ ಅಂದ್ರೆ ಆ ಯಂತ್ರ ಸತ್ತಿದೆ, ಬದಲಾಯಿಸಿ. ಆ ಗುಂಡಿ ಒಂದೇ ಒಂದು ಸಲವೂ ಒತ್ತಿಲ್ಲದ ಮನೆಗಳನ್ನ ನಾನು ಕೆಲಸಕ್ಕೆ ಹೋದಲ್ಲೆಲ್ಲ ನೋಡ್ತೀನಿ.

ಕಿಟಕಿ ಪಕ್ಕದ ಕುರ್ಚಿ
ಭಾನುವಾರ, ಸಂಜೆ 6:05

ಎಲ್ಲರಿಗೂ ತುಂಬ ಧನ್ಯವಾದ. ಬಣ್ಣದ ಯೋಚನೆ ಬಿಟ್ಟೆ. ಕಂಬಿ ಹಾಕೋಕೆ ಮಂಗಳವಾರ ಒಬ್ಬರು ಬರ್ತಾರೆ. ಆರ್‌ಸಿಸಿಬಿ ಗುಂಡಿ ಒತ್ತಿದೆ, ಬಿತ್ತು. ಪ್ಲಗ್ ಪಾಯಿಂಟಿಗೆ ಎಲೆಕ್ಟ್ರಿಷಿಯನ್ ನಿನ್ನೆ ಬಂದಿದ್ರು. ಒಳಗಿನ ತಂತಿಯ ತುದಿ ಕಪ್ಪಗೆ ಕರಗಿತ್ತು. ನೋಡಿ ಕೈಕಾಲು ತಣ್ಣಗಾಯ್ತು. ಮಗ ದಿನಾ ಅಲ್ಲೇ ಕೂತು ಟ್ಯಾಬ್ ಚಾರ್ಜಿಗೆ ಹಾಕ್ತಿದ್ದ.

ನಲ್ಲಿ ನಾನೇ ಸರಿ ಮಾಡಿದೆ! ಬಿಚ್ಚೋ ಮುಂಚೆ ಮಗ ಒಂದು ಅಳತೆ ಜಗ್ಗು ಇಟ್ಟು ಗಂಟೆ ನೋಡ್ತಾ ಕೂತ. ಒಂದು ಗಂಟೆಗೆ 350 ಮಿಲಿಲೀಟರ್. ಅವನೇ ಪೆನ್ಸಿಲ್ ಹಿಡಿದು ಗುಣಿಸಿದ, ದಿನಕ್ಕೆ ಎಂಟು ಲೀಟರ್ ಚಿಲ್ಲರೆ. ಒಂದು ವರ್ಷದಿಂದ ತೊಟ್ಟಿಕ್ತಿತ್ತು ಅನ್ನೋದು ನೆನೆದು ಹೊಟ್ಟೆ ಉರೀತು. ಒಳಗಿದ್ದ ವಾಷರ್ ಒಂದು ಕಡೆ ಉಂಗುರದ ಹಾಗೆ ಕೊರೆದುಹೋಗಿತ್ತು, ಉಗುರಲ್ಲಿ ಒತ್ತಿದ್ರೆ ಒಣಗಿದ ಮಣ್ಣಿನ ಥರ ಪುಡಿಯಾಯ್ತು. ಹೊಸದು ಹಾಕಿ ವಾಲ್ವ್ ತೆಗೆದು, ನಲ್ಲಿ ಕೆಳಗೆ ಒಣ ಕಾಗದ ಹಾಸಿ ಹತ್ತು ನಿಮಿಷ ಕಾದ್ವಿ. ಕಾಗದ ಒಣಗಿದ ಹಾಗೇ ಇತ್ತು. ಆ ಕಾಗದವನ್ನ ಮಗ ತೆಗೆದಿಟ್ಟಿದ್ದಾನೆ, ಅಜ್ಜನಿಗೆ ತೋರಿಸೋಕಂತೆ.

ಇನ್ನು ಉಳಿದಿರೋದು ಫ್ಲಶ್ ಟ್ಯಾಂಕಿನ ರಬ್ಬರ್ (ನೀಲಿ ಬಣ್ಣ ಬಂತು), ಸಿಲಿಕೋನ್, ಮತ್ತೆ ಬಾಗಿಲು. ಬಾಗಿಲಿಗೆ ಬಡಗಿಯವರನ್ನ ಕೇಳಿದೆ, ಅಂಚು ಹೆರೆದು ಕೊಡ್ತೀನಿ ಅಂದ್ರು.

ನಿವೃತ್ತ ಮೇಷ್ಟ್ರು
ಭಾನುವಾರ, ರಾತ್ರಿ 8:30

ತಾಯಿ, ನೀವು ಮೊದಲ ದಿನ ಕೇಳಿದ ಎರಡನೆಯ ಪ್ರಶ್ನೆಗೆ ಇಲ್ಲಿ ಯಾರೂ ಉತ್ತರ ಬರೆದಿಲ್ಲ. ನಿಮ್ಮ ತಂದೆಯವರ ಓರಗೆಯವನು ನಾನು, 71 ನಡೆಯುತ್ತಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಮಗಳ ಮನೆಗೆ ವರ್ಷಕ್ಕೊಮ್ಮೆ ಹೋಗುತ್ತೇನೆ. ಮಗಳು, ಅಳಿಯ ಇಬ್ಬರೂ ಚಿನ್ನದಂಥವರು. ಬಾಗಿಲಲ್ಲೇ ಚೀಲ ಇಸಿದುಕೊಳ್ಳುತ್ತಾರೆ, ಕುರ್ಚಿ ಎಳೆದು ಕೂರಿಸುತ್ತಾರೆ, ಟಿವಿ ಹಾಕುತ್ತಾರೆ. ಮೂರನೆಯ ದಿನದ ಹೊತ್ತಿಗೆ ನನಗೆ ಆ ಮನೆಯಲ್ಲಿ ಕೈ ಎಲ್ಲಿಡಬೇಕು ಎಂದೇ ತಿಳಿಯುವುದಿಲ್ಲ. ಹೋದ ಸಲ ಅವರ ಕಪಾಟಿನ ಹಿಡಿಯೊಂದು ಕಳಚಿ ನೇತಾಡುತ್ತಿತ್ತು. ಒಂದೇ ಒಂದು ತಿರುಪು. ಸ್ಕ್ರೂ ಡ್ರೈವರ್ ಹುಡುಕಿ ತಂದು ಕೂತೆ. ಅಳಿಯ ಓಡಿ ಬಂದು, "ಮಾವ, ನೀವ್ಯಾಕೆ, ನಾನು ಮಾಡ್ತೀನಿ ಬಿಡಿ" ಎಂದು ಕೈಯಿಂದ ತೆಗೆದುಕೊಂಡರು. ಗೌರವದಿಂದಲೇ ತೆಗೆದುಕೊಂಡರು. ನಾನೂ ನಕ್ಕು ಕೊಟ್ಟೆ. ರಾತ್ರಿ ಬಹಳ ಹೊತ್ತು ನಿದ್ದೆ ಬರಲಿಲ್ಲ.

ನಲವತ್ತು ವರ್ಷ ಆ ಮಗು ಬೆಳೆದ ಮನೆಯ ಪ್ರತಿಯೊಂದು ಚಿಲಕ, ಪ್ರತಿಯೊಂದು ಮೊಳೆ ನನ್ನ ಕೈಯದು. ಕೈ ಸೋತಿದೆ, ಒಪ್ಪುತ್ತೇನೆ. ತಲೆಯಲ್ಲಿರುವುದು ಸೋತಿಲ್ಲ. ನಿಮ್ಮ ಪಟ್ಟಿಯಲ್ಲಿ ಒಂದು ಕೆಲಸವನ್ನು ಅವರಿಗೆಂದೇ ಬಿಡಿ. ಸುಮ್ಮನೆ ಹೊತ್ತು ಕಳೆಯಲು ಕೊಟ್ಟ ಕೆಲಸವಾಗಬಾರದು, ಅದು ಅವರಿಗೆ ಒಂದು ನಿಮಿಷದಲ್ಲಿ ಗೊತ್ತಾಗುತ್ತದೆ. ನಿಮಗೆ ನಿಜವಾಗಿ ಆಗಬೇಕಾದ ಕೆಲಸವೇ ಆಗಿರಲಿ.

ಮೂರು ಮಕ್ಕಳ ಮನೆ
ಭಾನುವಾರ, ರಾತ್ರಿ 9:10

ಮೇಷ್ಟ್ರೇ, ನೀವು ಬರೆದದ್ದು ಓದಿ ಕಣ್ಣು ತುಂಬಿತು. ಆದ್ರೂ ನಾನು ಒಪ್ಪಲ್ಲ, ಕ್ಷಮಿಸಿ. ಎರಡು ವರ್ಷದ ಹಿಂದೆ ಇದೇ ಥರ ರಜೆಗೆ ಬಂದಿದ್ದ ನಮ್ಮ ಮಾವ ಬಲ್ಬ್ ಬದಲಾಯಿಸ್ತೀನಿ ಅಂತ ಸ್ಟೂಲ್ ಹತ್ತಿದ್ರು. ನಾನು ಪಕ್ಕದ ರೂಮಲ್ಲೇ ಇದ್ದೆ. ಸೊಂಟದ ಮೂಳೆ ಮುರೀತು. ಆಪರೇಷನ್ ಆಗಿ ನಾಲ್ಕು ತಿಂಗಳು ಹಾಸಿಗೆ. ಈಗಲೂ ಕೋಲಿಲ್ಲದೇ ಓಡಾಡಲ್ಲ. ಬೇಡ ಅನ್ನೋ ಒಂದು ಮಾತು ಆವತ್ತು ಹೇಳಿದ್ರೆ ಸಾಕಿತ್ತು. ಅವರಿಗೆ ಬೇಜಾರಾಗುತ್ತೆ ಅಂತ ಸುಮ್ಮನಿದ್ದೆ.

ಕಂಬಿ ಹಾಕೋರು ಬಂದಾಗ ನೀವು ಪಕ್ಕದಲ್ಲೇ ನಿಂತು ನೋಡಿ. ಮಾವ ಆಸ್ಪತ್ರೆಯಿಂದ ಬಂದ ಮೇಲೆ ನಾವು ಹಾಕಿಸಿದ ಕಂಬಿಯನ್ನ ಕೆಲಸದವರು ಬರೀ ಟೈಲಿನೊಳಗೆ ಮೋಟು ಪ್ಲಾಸ್ಟಿಕ್ ಪ್ಲಗ್ ಹಾಕಿ ಕೂರಿಸಿ ಹೋಗಿದ್ರು. ನಾನು ಎರಡೂ ಕೈಯಲ್ಲಿ ಜಗ್ಗಿ ನೋಡಿದ್ದಕ್ಕೆ ಟೈಲ್ ಸಮೇತ ಕಿತ್ತು ಬಂತು. ಮಾವ ಹಿಡ್ಕೊಂಡಿದ್ರೆ ಏನಾಗ್ತಿತ್ತು?

ರಾತ್ರಿ ಪಾಳಿ
ಭಾನುವಾರ, ರಾತ್ರಿ 9:45

ಅಕ್ಕ, ನಿಮ್ಮ ತಪ್ಪಿಲ್ಲ ಅದರಲ್ಲಿ. ಅವರು ಏರಬಾರದಾಗಿದ್ದು ಸ್ಟೂಲು. ಕೆಲಸ ಮಾಡಬಾರದು ಅಂತಲ್ಲ. ಏಣಿ, ಸ್ಟೂಲು, ಭಾರ ಎತ್ತೋದು, ಕುಕ್ಕರುಗಾಲಲ್ಲಿ ಬಹಳ ಹೊತ್ತು ಕೂರೋದು, ಇಷ್ಟು ಬಿಟ್ಟು ಕುರ್ಚಿ ಮೇಲೆ ಕೂತು ಮಾಡೋ ಕೆಲಸ ಇದ್ರೆ ನಾನೂ ಮೇಷ್ಟ್ರ ಕಡೆ. ನಮ್ಮ ವಾರ್ಡಿನಲ್ಲಿ ಹಿರಿಯರ ಕೈಗೆ ಏನಾದ್ರೂ ಕೆಲಸ ಕೊಟ್ಟಾಗ ಮುಖವೇ ಬೇರೆ ಆಗೋದನ್ನ ನಾನು ನೋಡಿದೀನಿ.

ಮರದ ಪುಡಿ
ಸೋಮವಾರ, ಬೆಳಿಗ್ಗೆ 6:30

ಬಾಗಿಲು ಹೆರೆಸಬೇಡಿ! ಬಡಗಿ ನಾನು, ನನ್ನ ಹೊಟ್ಟೆಪಾಡೇ ಅದು, ಆದ್ರೂ ಹೇಳ್ತೀನಿ, ಮೊದಲು ಹೆರೆಯೋದು ತಪ್ಪು.

ಬಾಗಿಲು ಎಲ್ಲಿ ಉಜ್ಜುತ್ತೆ? ಚಿಲಕದ ಕಡೆ ಮೇಲಿನ ಮೂಲೆಯಲ್ಲಾ? ಅದೇ ಕಡೆ ಕೆಳಗಿನ ಮೂಲೆ ನೆಲಕ್ಕೆ ತಾಗುತ್ತಾ? ಹಾಗಿದ್ರೆ ಬಾಗಿಲು ಉಬ್ಬಿಲ್ಲ, ಜೋತುಬಿದ್ದಿದೆ. ಅರ್ಧ ತೆಗೆದು ಹಿಡಿಯನ್ನ ಎರಡು ಕೈಯಲ್ಲಿ ಮೇಲಕ್ಕೆ ಎತ್ತಿ. ಮಗ ಮೇಲಿನ ಬಿಜಾಗರಿ ಕಡೆ ನೋಡ್ತಾ ಇರಲಿ. ಬಿಜಾಗರಿ ಚೌಕಟ್ಟಿನಿಂದ ಕೂದಲೆಳೆಯಷ್ಟು ಈಚೆ ಆಚೆ ಆಡಿದ್ರೂ ರೋಗ ಅಲ್ಲೇ ಇದೆ. ಬಾಗಿಲಿನ ಭಾರವೆಲ್ಲ ಮೇಲಿನ ಬಿಜಾಗರಿಯನ್ನ ಈಚೆ ಎಳೀತಿರುತ್ತೆ, ವರ್ಷಗಳು ಕಳೆದ ಹಾಗೆ ತಿರುಪಿನ ತೂತು ಅಗಲ ಆಗಿ ಹಿಡಿತ ಹೋಗುತ್ತೆ. ಅದನ್ನ ನೋಡದೇ ಅಂಚು ಹೆರೆದ್ರೆ ಈಗ ಹಾಕೋಕೆ ಬರುತ್ತೆ, ಆರು ತಿಂಗಳಿಗೆ ಇನ್ನೂ ಜೋತುಬೀಳುತ್ತೆ, ಹೆರೆದ ಮರ ವಾಪಸ್ ಬರಲ್ಲ.

ಉಜ್ಜೋದು ಮೇಲಿಂದ ಕೆಳಗೆ ಉದ್ದಕ್ಕೂ ಸಮ ಇದ್ರೆ ಮಾತು ಬೇರೆ. ಮರ ತೇವ ಕುಡಿದ್ರೆ ಅಗಲಕ್ಕೆ ಉಬ್ಬುತ್ತೆ, ಉದ್ದಕ್ಕೆ ಉಬ್ಬಲ್ಲ ಅಂತಲೇ ಇಟ್ಕೊಳ್ಳಿ. ಆಗಲೂ ತೇವದ ಕಾಲದಲ್ಲಿ ಹೆರೆದ್ರೆ ಒಣ ಕಾಲದಲ್ಲಿ ಸಂದು ಬಿಡುತ್ತೆ.

ತೂತು ಸರಿ ಮಾಡೋದು ಹೀಗೆ. ಬಾಗಿಲ ಕೆಳಗೆ ಮರದ ಚಕ್ಕೆ ಕೊಟ್ಟು ಭಾರ ತಡೀರಿ. ತಿರುಪು ಒಂದೊಂದೇ ಬಿಚ್ಚಿ, ಎಲ್ಲ ಒಟ್ಟಿಗೆ ಬಿಚ್ಚಿದ್ರೆ ಬಾಗಿಲು ಮೈಮೇಲೆ ಬರುತ್ತೆ. ಬೆಂಕಿಕಡ್ಡಿಯ ತಲೆ ಮುರಿದು, ಕಡ್ಡಿಗೆ ಮರದ ಅಂಟು ಸವರಿ ತೂತು ತುಂಬೋವರೆಗೆ ತುರುಕಿ. ಅಂಚಿಗೆ ಸಮ ಕತ್ತರಿಸಿ. ಒಂದು ರಾತ್ರಿ ಒಣಗಲಿ. ಮಾರನೇ ದಿನ ತಿರುಪಿಗೆ ಸ್ವಲ್ಪ ಸೋಪು ಉಜ್ಜಿ ತಿರುಗಿಸಿ, ನುಣ್ಣಗೆ ಹೋಗುತ್ತೆ. ನಡುವಿನ ಒಂದು ತಿರುಪನ್ನ ಮಾತ್ರ ಉದ್ದದ್ದು ಹಾಕಿ, ಹೊಸ ಮರದ ಆಳಕ್ಕೆ ಹೋಗಿ ಕಚ್ಚಲಿ. ಚೌಕಟ್ಟು ಮರದ್ದಾಗಿದ್ರೆ ಮಾತ್ರ ಇದೆಲ್ಲ.

ಮೇಷ್ಟ್ರು ಹೇಳಿದ ಕೆಲಸ ಇದೇ ಅನ್ಸುತ್ತೆ ನನಗೆ. ಏಣಿ ಬೇಡ, ಅವಸರ ಇಲ್ಲ, ಎರಡು ದಿನದ ಕೆಲಸ. ಕಡ್ಡಿ ಮುರಿಯೋದು, ಅಂಟು ಸವರೋದು ಕುರ್ಚಿ ಮೇಲೆ ಕೂತೇ ಆಗುತ್ತೆ. ಮೇಲಿನ ಬಿಜಾಗರಿ ಎತ್ತರಕ್ಕೆ ಕೈ ಎತ್ತಿ ತಿರುಗಿಸೋದು ನೀವೋ ಮಗನೋ ಮಾಡಿ. ಅಂಗಡಿ ಮುಚ್ಚೋ ಮುಂಚೆ ತಿರುಪು, ಅಂಟು ತಂದಿಟ್ಟುಕೊಳ್ಳಿ.

ಕಿಟಕಿ ಪಕ್ಕದ ಕುರ್ಚಿ
ಸೋಮವಾರ, ರಾತ್ರಿ 10:15

ಮಗನ ಕೈಲಿ ಟಾರ್ಚ್ ಕೊಟ್ಟು ಬಾಗಿಲು ಎತ್ತಿ ನೋಡಿದೆ. "ಅಮ್ಮಾ, ಆಡ್ತಿದೆ ಆಡ್ತಿದೆ" ಅಂತ ಕೂಗಿದ. ಬಡಗಿಯವರಿಗೆ ಬೇಡ ಅಂತ ಹೇಳಿಬಿಟ್ಟೆ. ಬಾಗಿಲು ಹಾಗೇ ಇರುತ್ತೆ, ಅಪ್ಪ ಬರಲಿ. ಮೇಷ್ಟ್ರೇ, ನಿಮ್ಮ ಮಾತನ್ನ ನಮ್ಮವರಿಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಅಟ್ಟದ ಮೇಲಿನ ಸಲಕರಣೆ ಪೆಟ್ಟಿಗೆ ಇಳಿಸಿ, ತುಕ್ಕು ಹಿಡಿದಿದ್ದನ್ನೆಲ್ಲ ಎಣ್ಣೆ ಹಾಕಿ ಒರೆಸಿಟ್ರು.

ಸಿಲಿಕೋನ್ ಬಗ್ಗೆ ಒಂದು ಅನುಮಾನ. ಕಪ್ಪಾದದ್ದರ ಮೇಲೇ ಹೊಸದು ಎಳೆದ್ರೆ ಸಾಲದಾ?

ಹಳೇ ಪಾನಾ
ಸೋಮವಾರ, ರಾತ್ರಿ 10:40

ಸಾಲದು. ಹಳೇ ಸಿಲಿಕೋನಿಗೆ ಹೊಸದು ಅಂಟಲ್ಲ. ಬ್ಲೇಡಿನಲ್ಲಿ ಪೂರ್ತಿ ಕೆತ್ತಿ ತೆಗೆದು, ಸ್ಪಿರಿಟಿನಲ್ಲಿ ಒರೆಸಿ, ಒಂದು ದಿನ ಚೆನ್ನಾಗಿ ಒಣಗೋಕೆ ಬಿಡಿ. ಆಮೇಲೆ ಎರಡೂ ಬದಿಗೆ ಟೇಪ್ ಅಂಟಿಸಿ ಒಂದೇ ಎಳೆತಕ್ಕೆ ಹಾಕಿ, ಬೆರಳಲ್ಲಿ ನಯ ಮಾಡಿ, ಹಸಿ ಇರುವಾಗಲೇ ಟೇಪ್ ಕೀಳಿ. ವಿನೆಗರ್ ವಾಸನೆ ಬರೋ ಥರದ್ದು ಟೈಲು, ಗಾಜಿಗೆ ಸರಿ. ಅಮೃತಶಿಲೆ ಇದ್ರೆ ಅದು ಕಲೆ ಮಾಡುತ್ತೆ, ನ್ಯೂಟ್ರಲ್ ಅಂತ ಕೇಳಿ ತಗೊಳ್ಳಿ. 24 ಗಂಟೆ ನೀರು ತಾಗಬಾರದು. ಬುಧವಾರದೊಳಗೆ ಮುಗಿಸಿ, ಎಲ್ಲರೂ ಬಂದ ಮೇಲೆ ಬಚ್ಚಲು ಒಂದು ದಿನ ಬಂದ್ ಮಾಡೋಕಾಗಲ್ಲ.

ಕಿಟಕಿ ಪಕ್ಕದ ಕುರ್ಚಿ
ಮುಂದಿನ ಮಂಗಳವಾರ, ರಾತ್ರಿ 11:00

ಇಷ್ಟು ದಿನ ಬರೆಯೋಕೆ ಬಿಡುವಾಗಲಿಲ್ಲ. ಅಪ್ಪ-ಅಮ್ಮ ಶನಿವಾರ ಬೆಳಿಗ್ಗೆ ಬಂದ್ರು.

ಕಂಬಿ ಹಾಕೋವಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಟೈಲ್ ದಾಟೋವರೆಗೆ ಡ್ರಿಲ್ಲಿನ ಹ್ಯಾಮರ್ ಆಫ್ ಮಾಡಿ ನಿಧಾನ ಕೊರೆದ್ರು, ಆಮೇಲೆ ಇಟ್ಟಿಗೆಗೆ ಹ್ಯಾಮರ್ ಹಾಕಿದ್ರು. ಮುಗಿದ ಮೇಲೆ ನಾನೂ ನಮ್ಮವರೂ ಜೋತುಬಿದ್ದು ನೋಡಿದ್ವಿ, ಅಲ್ಲಾಡಲಿಲ್ಲ. ಅಮ್ಮ ಏನೂ ಹೇಳಲಿಲ್ಲ. ಆದ್ರೆ ಮೊದಲ ದಿನ ಸ್ನಾನ ಮುಗಿಸಿ ಬಂದವರ ಮುಖದಲ್ಲಿ ಭಯ ಇರಲಿಲ್ಲ. ಹೋದ ಸಲ ಬಂದಾಗ ಬಚ್ಚಲಿಗೆ ಹೋದಾಗಲೆಲ್ಲ ನನ್ನನ್ನ ಹೊರಗೆ ನಿಲ್ಲು ಅಂತಿದ್ರು.

ಬಾಗಿಲ ವಿಷಯ. ಅಪ್ಪ ಬಂದ ಅರ್ಧ ಗಂಟೆಗೇ ಆ ಬಾಗಿಲು ಹಾಕೋಕೆ ಹೋದ್ರು, ಕಚ್ಚಿಕೊಳ್ತು. ನಾನು ಏನೂ ಹೇಳೋಕೆ ಮುಂಚೆ ಅವರೇ ಹಿಡಿ ಎತ್ತಿ ನೋಡಿ, "ಇದು ಮೇಲಿನ ಬಿಜಾಗರಿ ಕಣಮ್ಮ" ಅಂದ್ರು. "ಹೌದಪ್ಪ, ನೀವು ಬರಲಿ ಅಂತ ಇಟ್ಟಿದ್ದೆ, ನಾವು ಹೆರೆಸಿ ಹಾಳು ಮಾಡೋದಿತ್ತು" ಅಂದೆ. ಪೆಟ್ಟಿಗೆ ತಂದು ಕೊಟ್ಟೆ.

ಭಾನುವಾರ ಬೆಳಿಗ್ಗೆ ಕುರ್ಚಿ ಹಾಕ್ಕೊಂಡು ಬಾಗಿಲ ಪಕ್ಕ ಕೂತ್ರು. ಬೆಂಕಿಕಡ್ಡಿ ತಲೆ ಮುರಿಯೋಕೆ ಬೆರಳು ಬಗ್ಗಲಿಲ್ಲ. ಎರಡು ಸಲ ಕಡ್ಡಿ ಕೆಳಗೆ ಬಿತ್ತು. ನಾನು ಹೋಗಿ ಕೈ ಹಾಕಬೇಕು ಅಂತ ಎದ್ದೆ, ನಮ್ಮವರು ತಡೆದ್ರು. ಅಷ್ಟರಲ್ಲಿ ಅಪ್ಪನೇ ಮಗನನ್ನ ಕರೆದ್ರು, "ಬಾರೋ ಮರಿ, ನೀನು ನನ್ನ ಬೆರಳು, ನಾನು ಹೇಳ್ದಂಗೆ ಮಾಡು." ಎರಡು ಗಂಟೆ ಇಬ್ಬರೂ ಅಲ್ಲಿಂದ ಎದ್ದಿಲ್ಲ. ಅಂಟು ಎಷ್ಟು ಸವರಬೇಕು, ಕಡ್ಡಿ ಯಾವ ಕಡೆಯಿಂದ ತುರುಕಬೇಕು, ತಿರುಪು ವಾರೆ ಹೋಗ್ತಿದ್ರೆ ಕೈಗೆ ಹೇಗೆ ಗೊತ್ತಾಗುತ್ತೆ, ಎಲ್ಲ ಹೇಳಿಕೊಟ್ರು. ನನಗೆ ಒಂಬತ್ತು ವರ್ಷ ಇದ್ದಾಗ ಟಾರ್ಚ್ ಹಿಡಿಯೋಕೆ ಮಾತ್ರ ಬಿಡ್ತಿದ್ರು. ಸ್ಕ್ರೂ ಡ್ರೈವರ್ ಕೊಟ್ಟಿರಲಿಲ್ಲ.

ಸೋಮವಾರ ಬೆಳಿಗ್ಗೆ ನಮ್ಮವರು ಬಾಗಿಲು ಎತ್ತಿ ಹಿಡಿದ್ರು, ನಾನು ತಿರುಪು ತಿರುಗಿಸಿದೆ, ಅಪ್ಪ ಕುರ್ಚಿಯಿಂದ "ಇನ್ನೊಂದು ಅರ್ಧ ಸುತ್ತು, ಸಾಕು, ಸಾಕು" ಅಂತಿದ್ರು. ಬಾಗಿಲು ಈಗ ಒಂದು ಬೆರಳಲ್ಲಿ ತಳ್ಳಿದ್ರೆ ಹಾಕ್ಕೊಳ್ಳುತ್ತೆ. ನಿನ್ನೆಯಿಂದ ಮಗ ಅದನ್ನ ಎಷ್ಟು ಸಲ ತೆಗೆದು ಹಾಕಿದ್ದಾನೋ ಲೆಕ್ಕವಿಲ್ಲ, ಅಪ್ಪ ಒಂದು ಸಲವೂ ಬೈದಿಲ್ಲ.

ಅಂದ ಹಾಗೆ ನಲ್ಲಿ ಕಾಗದವನ್ನ ಮಗ ತೋರಿಸಿದ. ಅಪ್ಪ ಹಳೇ ವಾಷರ್ ಎಲ್ಲಿ ಅಂತ ಕೇಳಿದ್ರು. ಎಸೆದುಬಿಟ್ಟಿದ್ದೆ. "ಎಸೀಬಾರದಿತ್ತು, ಅಳತೆಗೆ ಬೇಕಾಗುತ್ತೆ" ಅಂದ್ರು.

ನಿವೃತ್ತ ಮೇಷ್ಟ್ರು
ಬುಧವಾರ, ಬೆಳಿಗ್ಗೆ 5:50

ತಾಯಿ, ಎರಡು ಸಲ ಓದಿದೆ. ನಿಮ್ಮ ತಂದೆಯವರಿಗೆ ನನ್ನ ನಮಸ್ಕಾರ ತಿಳಿಸಿ. ಈ ಪುಟವನ್ನು ಮಗಳಿಗೆ ಕಳಿಸುತ್ತಿದ್ದೇನೆ.

ಮೂರು ಮಕ್ಕಳ ಮನೆ
ಬುಧವಾರ, ಬೆಳಿಗ್ಗೆ 8:20

ನಮ್ಮ ದೇವರಮನೆ ಬಾಗಿಲೂ ಹೀಗೇ ಜೋತುಬಿದ್ದಿದೆ. ಮಾವನಿಗೆ ಇವತ್ತು ಹೇಳಿ ನೋಡ್ತೀನಿ, ಕುರ್ಚಿ ಮೇಲೆ ಕೂತೇ ಮಾಡಲಿ. ನಡುವಿನ ಆ ಉದ್ದದ ತಿರುಪು ಎಷ್ಟು ಇಂಚಿಂದು ಹಾಕಿದ್ರಿ?

ಕಿಟಕಿ ಪಕ್ಕದ ಕುರ್ಚಿ
ಬುಧವಾರ, ಬೆಳಿಗ್ಗೆ 8:45

ಎರಡೂವರೆ. ಅಪ್ಪನ್ನ ಕೇಳಿ ಬರೀತಿದೀನಿ: ತಿರುಪಿನ ತಲೆ ಬಿಜಾಗರಿಯ ಗುಳಿಯಲ್ಲಿ ಪೂರ್ತಿ ಮುಳುಗಬೇಕಂತೆ, ಎದ್ದು ನಿಂತ್ರೆ ಬಾಗಿಲು ಮುಚ್ಚಲ್ಲ. ತಗೊಳ್ಳೋವಾಗ ಹಳೇ ತಿರುಪನ್ನ ಜೊತೆಗೆ ತಗೊಂಡು ಹೋಗಿ, ದಪ್ಪ ಅದೇ ಇರಲಿ, ಉದ್ದ ಮಾತ್ರ ಜಾಸ್ತಿ ಇರಲಿ ಅಂತ ಹೇಳ್ತಿದ್ದಾರೆ.